ಕೈ ದಿನಕ್ಕೆ ಎಷ್ಟು ಸಲ ಒದ್ದೆಯಾಗುತ್ತದೆ? ಮನೆಗೆಲಸ, ಹೊರಗಿನ ಕೆಲಸದಿಂದ ಚರ್ಮ ಕೆಡದಂತೆ ನೋಡಿಕೊಳ್ಳುವ ಬಗೆ

ಉಂಗುರ ಬಿಚ್ಚಿದಾಗ ಗೊತ್ತಾಯಿತು. ಉಂಗುರ ಕೂರುವ ಜಾಗದಲ್ಲಿ ಬೆರಳ ಸುತ್ತ ಕೆಂಪಗಾಗಿತ್ತು. ಮೇಲೆ ಹೊಟ್ಟಿನಂಥ ಬಿಳಿ ಸಿಪ್ಪೆ, ಒಳಬದಿಯಲ್ಲಿ ಕೂದಲೆಳೆಯಷ್ಟು ಸಣ್ಣದೊಂದು ಬಿರುಕು. ಸಾರಿಗೆ ಹುಣಸೆಹಣ್ಣು ಕಿವುಚುವಾಗ ಆ ಬಿರುಕು ಚುರ್ ಅನ್ನುತ್ತಿತ್ತು.

ಮನೆಯಲ್ಲೇ ಅಡುಗೆ ಮಾಡಿ ಊಟದ ಡಬ್ಬಿ ಕಳಿಸುವ ಕೆಲಸ ನನ್ನದು. ಚಿನ್ನ ಆಗಿಬರುತ್ತಿಲ್ಲ ಅಂತ ಅತ್ತೆ ಅಂದರು. ಪಾತ್ರೆ ತೊಳೆಯುವ ಸೋಪು ಸರಿಯಿಲ್ಲ ಅಂತ ನಾನು ಅಂದುಕೊಂಡೆ. ನಾಲ್ಕು ತಿಂಗಳಲ್ಲಿ ಮೂರು ಸೋಪು ಬದಲಾಯಿಸಿದೆ, ಅಷ್ಟರಲ್ಲಿ ಬಿರುಕು ಪಕ್ಕದ ಬೆರಳಿಗೂ, ಬೆರಳ ಸಂದಿಗೂ ಹೋಯಿತು. ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಯಾವ ಸೋಪು ಅಂತ ಅವರು ಕೇಳಲೇ ಇಲ್ಲ. "ದಿನಕ್ಕೆ ಎಷ್ಟು ಸಲ ಕೈ ಒದ್ದೆ ಆಗುತ್ತಮ್ಮಾ?" ಅಂತ ಕೇಳಿದರು. ಹತ್ತಿರಬಹುದು, ಹದಿನೈದಿರಬಹುದು ಅಂದೆ. ಮಾರನೇ ದಿನ ಫ್ರಿಜ್ ಬಾಗಿಲಿಗೆ ಒಂದು ಕಾಗದ ಅಂಟಿಸಿ, ಕೈ ಒದ್ದೆಯಾದಾಗೆಲ್ಲ ಒಂದು ಗೆರೆ ಎಳೆದೆ. ರಾತ್ರಿ ಎಣಿಸಿದರೆ 47 ಗೆರೆ ಇತ್ತು.

ಈ ಬರಹದಲ್ಲಿ ನಾನು ಹೇಳಬೇಕಾದ್ದರಲ್ಲಿ ಅರ್ಧ ಆ ಕಾಗದದಲ್ಲೇ ಇದೆ. ಚರ್ಮ ಕೆಡಿಸುವುದು ಯಾವುದೋ ಒಂದು ಕೆಟ್ಟ ವಸ್ತು ಅಂತ ನಾವು ಹುಡುಕುತ್ತಾ ಕೂರುತ್ತೇವೆ. ಹೆಚ್ಚಿನ ಸಲ ಹಾಗಿರುವುದಿಲ್ಲ. ನೀರು, ಸೋಪು, ಮತ್ತೆ ನೀರು, ಹಸಿಮೆಣಸಿನಕಾಯಿ, ಮತ್ತೆ ಸೋಪು, ಹೀಗೆ ಸಣ್ಣ ಸಣ್ಣದು ದಿನವಿಡೀ ಕೂಡುತ್ತಾ ಹೋಗುತ್ತದೆ. ಒಂದೊಂದೇ ಆಗಿದ್ದರೆ ಚರ್ಮ ತಡೆದುಕೊಳ್ಳುತ್ತಿತ್ತು.

ಒಳಗೆ ಏನಾಗುತ್ತದೆ

ಹಳೇ ಕಬ್ಬಿಣದ ದೋಸೆ ಕಾವಲಿ ನೆನಪಿಸಿಕೊಳ್ಳಿ. ವರ್ಷಗಟ್ಟಲೆ ಎಣ್ಣೆ ಹೀರಿ ಹದಗೊಂಡಿರುತ್ತದೆ, ದೋಸೆ ತಾನಾಗಿ ಏಳುತ್ತದೆ. ಅದಕ್ಕೆ ಸೋಪು ಹಾಕಿ ಸ್ಟೀಲ್ ನಾರಿನಿಂದ ಗಸಗಸ ಉಜ್ಜಿದರೆ ಮಾರನೇ ದಿನ ದೋಸೆ ಹಿಡಿದುಕೊಳ್ಳುತ್ತದೆ. ಮತ್ತೆ ಪಳಗಿಸಲು ವಾರ ಬೇಕು.

ಚರ್ಮವೂ ಹಾಗೇ. ಮೇಲಿನ ಪದರದಲ್ಲಿ ಸತ್ತ ಜೀವಕೋಶಗಳು ಹೆಂಚು ಜೋಡಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ನಡುವೆ ಜಿಡ್ಡು ತುಂಬಿರುತ್ತದೆ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನದು ಒಳಗೆ ಬರದಂತೆ ತಡೆಯುವುದು ಈ ಜಿಡ್ಡು. ಸೋಪಿಗೆ ಪಾತ್ರೆಯ ಜಿಡ್ಡು ಯಾವುದು, ಕೈಯ ಜಿಡ್ಡು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ತೆಗೆಯುತ್ತದೆ. ಜೊತೆಗೆ ಚರ್ಮದ ಮೇಲ್ಮೈ ಸ್ವಲ್ಪ ಹುಳಿ ಗುಣದ್ದು, ಹುಳಿ-ಕ್ಷಾರ ಅಳೆಯುವ ಪಿಎಚ್ ಲೆಕ್ಕದಲ್ಲಿ ಸುಮಾರು 5. ಮಾಮೂಲಿ ಸೋಪು ಕ್ಷಾರ, 9ರಿಂದ 10. ಬಟ್ಟೆ ಒಗೆಯುವ ಸೋಡಾ ಇನ್ನೂ ಜಾಸ್ತಿ, 11ರ ಹತ್ತಿರ.

ಬರೀ ನೀರೂ ಕೆಡಿಸುತ್ತದೆ ಅಂದರೆ ಎಷ್ಟೋ ಜನ ನಂಬುವುದಿಲ್ಲ. ಕೈ ನೀರಲ್ಲಿ ನೆನೆದು ಊದಿಕೊಂಡಾಗ ಆ ಹೆಂಚುಗಳು ಸಡಿಲವಾಗುತ್ತವೆ, ಒಣಗುವಾಗ ಸುಕ್ಕುಗಟ್ಟುತ್ತವೆ. ದಿನಕ್ಕೆ ನಲವತ್ತು ಸಲ ಹೀಗಾದರೆ ಎಲ್ಲೋ ಒಂದು ಕಡೆ ಬಿರಿಯದೆ ಇರುವುದಿಲ್ಲ.

ಇನ್ನೊಂದು ವ್ಯತ್ಯಾಸ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಸೋಪು, ನೀರು, ಆಸಿಡ್‌ನಿಂದ ಆಗುವುದು ಕೆರಳುವಿಕೆ. ಸಾಕಷ್ಟು ತಾಗಿದರೆ ಯಾರಿಗಾದರೂ ಆಗುತ್ತದೆ. ಅಲರ್ಜಿ ಬೇರೆ. ಅದು ಕೆಲವರಿಗಷ್ಟೇ ಬರುತ್ತದೆ, ಚೂರು ತಾಗಿದರೂ ಸಾಕು, ತಾಗಿ ಒಂದೆರಡು ದಿನದ ಮೇಲೆ ಕಾಣಿಸಿಕೊಳ್ಳುತ್ತದೆ, ತಾಗದ ಜಾಗಕ್ಕೂ ಹರಡಬಹುದು. ಚರ್ಮದ ಡಾಕ್ಟರುಗಳು ನೋಡುವುದರಲ್ಲಿ ಕೆರಳುವಿಕೆಯೇ ಜಾಸ್ತಿ. ಆದರೆ ಕೆರಳಿ ಬಿರುಕು ಬಿಟ್ಟ ಕೈಗೆ ಅಲರ್ಜಿ ಹತ್ತುವುದೂ ಸುಲಭ, ಬಾಗಿಲು ತೆರೆದೇ ಇರುತ್ತದಲ್ಲ.

ಮೊದಲ ಹೆಜ್ಜೆ: ಒಂದು ದಿನ ಎಣಿಸಿ

ಏನನ್ನೂ ಕೊಳ್ಳುವ ಮೊದಲು ಇದನ್ನು ಮಾಡಿ. ಕಾಗದ ಅಂಟಿಸಿ, ಪಕ್ಕದಲ್ಲೇ ಪೆನ್ಸಿಲ್ ಕಟ್ಟಿ. ತರಕಾರಿ ತೊಳೆದರೆ ಒಂದು ಗೆರೆ, ಅಕ್ಕಿ ತೊಳೆದರೆ ಒಂದು, ಕಟ್ಟೆ ಒರೆಸಿದರೆ ಒಂದು, ಮಗುವಿನ ಕೈ ತೊಳೆಸಿದರೂ ಒಂದು. ಸೋಪು ಮುಟ್ಟಿದ ಗೆರೆಗೆ ಅಡ್ಡ ಗೀಟು ಹಾಕಿ.

ಲೆಕ್ಕ ಹೋಲಿಸಿ ನೋಡಲು ಒಂದು ಅಳತೆ ಬೇಕಲ್ವಾ? ಜರ್ಮನಿಯಲ್ಲಿ ಕೆಲಸಗಾರರ ಸುರಕ್ಷತೆಗೆ ಒಂದು ನಿಯಮ ಬಹಳ ವರ್ಷ ಬಳಕೆಯಲ್ಲಿತ್ತು. ದಿನಕ್ಕೆ 2 ಗಂಟೆಗಿಂತ ಜಾಸ್ತಿ ಕೈ ಒದ್ದೆ ಇದ್ದರೆ, ಅಥವಾ ಅಷ್ಟೇ ಹೊತ್ತು ಗಾಳಿಯಾಡದ ಗ್ಲೌಸ್ ಒಳಗಿದ್ದರೆ, ಅಥವಾ 20 ಸಲಕ್ಕಿಂತ ಜಾಸ್ತಿ ಕೈ ತೊಳೆದರೆ ಅದು ಒದ್ದೆ ಕೆಲಸ, ಚರ್ಮಕ್ಕೆ ಅಪಾಯದ್ದು ಅಂತ ಲೆಕ್ಕ ಹಾಕುತ್ತಿದ್ದರು. ನಮ್ಮ ಬಹುತೇಕ ಗೃಹಿಣಿಯರು ಮಧ್ಯಾಹ್ನದ ಊಟದ ಹೊತ್ತಿಗೇ ಅದನ್ನು ದಾಟಿರುತ್ತಾರೆ. ಹೋಟೆಲಿನಲ್ಲಿ ಪಾತ್ರೆ ತೊಳೆಯುವವರ, ಆಸ್ಪತ್ರೆಯ ನರ್ಸ್‌ಗಳ, ಬ್ಯೂಟಿ ಪಾರ್ಲರಿನಲ್ಲಿ ತಲೆ ತೊಳೆಯುವ ಹುಡುಗಿಯರ ಲೆಕ್ಕ ಕೇಳುವುದೇ ಬೇಡ.

ಎರಡನೇ ಹೆಜ್ಜೆ: ಗೆರೆ ಕಮ್ಮಿ ಮಾಡಿ

ಕ್ರೀಮು ಗ್ಲೌಸು ಎಲ್ಲ ಆಮೇಲೆ. ಮೊದಲು ಕೈ ನೀರಿಗೆ ಹೋಗುವುದೇ ಕಮ್ಮಿಯಾಗಬೇಕು.

ಒಂದು ಲೋಟ, ಒಂದು ಚಮಚ ಅಂತ ಬಿಡಿಬಿಡಿಯಾಗಿ ತೊಳೆಯುವುದು ನಿಲ್ಲಿಸಿ. ಮುಸುರೆ ಪಾತ್ರೆಗಳನ್ನು ಬಿಸಿನೀರು ಹಾಕಿ ನೆನೆಯಲು ಬಿಟ್ಟು, ಹೊತ್ತಿಗೊಂದು ಸಲ ಒಟ್ಟಿಗೆ ತಿಕ್ಕಿ. ನೆನೆದ ಪಾತ್ರೆಗೆ ಅರ್ಧ ಸೋಪು ಸಾಕು. ಜಿಡ್ಡಿನ ಬಾಣಲೆಯನ್ನು ಮೊದಲು ಹಳೇ ಪೇಪರಿನಿಂದ ಒರೆಸಿಬಿಡಿ. ತರಕಾರಿಯನ್ನು ಒಂದೇ ಸಲ ತೊಳೆದು, ಕೈ ಒರೆಸಿಕೊಂಡು, ಆಮೇಲೆ ಎಲ್ಲ ಹೆಚ್ಚಿ. ಕಲಸುವುದಕ್ಕೆ ಸೌಟು ಬಳಸಿ. ಉದ್ದ ಹಿಡಿಯ ಬ್ರಷ್ ಇದ್ದರೆ ಬಾಟಲಿ, ಕುಕ್ಕರು, ಸಿಂಕಿನೊಳಗೆ ಕೈ ಹಾಕುವ ಕೆಲಸವೇ ಇಲ್ಲ.

ಇಷ್ಟರಿಂದಲೇ ನನ್ನ 47, ಎರಡು ವಾರದಲ್ಲಿ 28ಕ್ಕೆ ಬಂತು. ಇನ್ನೂ ಒಂದು ರೂಪಾಯಿ ಖರ್ಚಾಗಿರಲಿಲ್ಲ.

ಕೊಳವೆಬಾವಿ ನೀರು ಬಳಸುವವರಿಗೆ ಒಂದು ಮಾತು. ಗಡಸು ನೀರಲ್ಲಿ ನೊರೆ ಬರುವುದಿಲ್ಲ ಅಂತ ಸೋಪು ಜಾಸ್ತಿ ಹಾಕುತ್ತೇವೆ. ಆ ನೀರಿನ ಸುಣ್ಣದಂಶ ಸೋಪಿನ ಜೊತೆ ಸೇರಿ ಅಂಟಂಟಾಗಿ ಚರ್ಮದ ಮೇಲೆ ಉಳಿಯುತ್ತದೆ. ಕೊನೆಯ ಜಾಲಿಸುವಿಕೆಗಾದರೂ ಮಳೆನೀರೋ ನದಿನೀರೋ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಸ್ವಲ್ಪ ಹೆಚ್ಚು ಹೊತ್ತು ಜಾಲಿಸಿ.

ಮೂರನೇ ಹೆಜ್ಜೆ: ಗ್ಲೌಸ್, ಸರಿಯಾಗಿ

ಗ್ಲೌಸ್ ಹಾಕಿಕೊಂಡೆ, ಇನ್ನೂ ಜಾಸ್ತಿ ಆಯಿತು ಅನ್ನುವವರು ತುಂಬ ಜನ. ಅವರು ಹೇಳುವುದು ಸುಳ್ಳಲ್ಲ. ಗ್ಲೌಸ್ ಒಳಗೆ ಸೋಪು ನೀರು ಹೋದರೆ ಅದು ಆಚೆ ಬರುವುದಿಲ್ಲ, ಕೈ ಅದರಲ್ಲೇ ಬೇಯುತ್ತದೆ. ಬೆವರೂ ಅಷ್ಟೇ.

ಪಾತ್ರೆ, ಬಟ್ಟೆ, ಬಚ್ಚಲಿಗೆ ಮೊಣಕೈ ಹತ್ತಿರದವರೆಗೂ ಬರುವ ದಪ್ಪ ಗ್ಲೌಸ್ ಬೇಕು. ಲೇಟೆಕ್ಸ್ ರಬ್ಬರಿಗೇ ಕೆಲವರಿಗೆ ಅಲರ್ಜಿ ಇರುತ್ತದೆ, ಬಲೂನು ಊದಿದರೆ ತುಟಿ ತುರಿಸುವವರು ಅದನ್ನು ಮುಟ್ಟಲೇಬೇಡಿ. ನೈಟ್ರೈಲ್ ಅಥವಾ ವಿನೈಲ್ ಗ್ಲೌಸ್ ತೆಗೆದುಕೊಳ್ಳಿ. ಎಣ್ಣೆ, ಕೀಟನಾಶಕ ಮುಟ್ಟುವ ಕೆಲಸಕ್ಕೆ ವಿನೈಲ್ ಸಾಲದು, ನೈಟ್ರೈಲೇ ಬೇಕು. ಒಳಗೆ ತೆಳುವಾದ ಹತ್ತಿ ಗ್ಲೌಸ್ ಹಾಕಿ, ಬೆವರು ಅದು ಹೀರುತ್ತದೆ. ಎರಡು ಮೂರು ಜೊತೆ ಇಟ್ಟುಕೊಂಡು ಒಗೆದು ಒಣಗಿಸಿ ಬಳಸಬಹುದು.

ಒದ್ದೆ ಕೈಗೆ ಗ್ಲೌಸ್ ಹಾಕಬೇಡಿ, ಉಂಗುರ ಬಿಚ್ಚಿಟ್ಟು ಹಾಕಿ. ಅಂಚನ್ನು ಹೊರಕ್ಕೆ ಒಂದು ಅಂಗುಲ ಮಡಚಿ. ಕೈ ಮೇಲೆತ್ತಿದಾಗ ಇಳಿದು ಬರುವ ನೀರು ಆ ಮಡಿಕೆಯಲ್ಲಿ ನಿಲ್ಲುತ್ತದೆ, ತೋಳಿಗೆ ಬರುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ತೆಗೆದು ಕೈಗೆ ಗಾಳಿ ಆಡಿಸಿ.

ಬಿಚ್ಚುವುದಕ್ಕೂ ಒಂದು ಕ್ರಮ ಇದೆ. ಮೊದಲು ಗ್ಲೌಸ್ ಕೈಯನ್ನೇ ನಲ್ಲಿ ಕೆಳಗೆ ಹಿಡಿದು ಸೋಪು ಹೋಗುವಂತೆ ತೊಳೆಯಿರಿ. ಒರೆಸಿ. ಆಮೇಲೆ ಬೆರಳ ತುದಿಗಳನ್ನು ಒಂದೊಂದಾಗಿ ಸ್ವಲ್ಪ ಸ್ವಲ್ಪ ಎಳೆದು ಸಡಿಲ ಮಾಡಿ, ಆಗ ಒಳಗಿನದು ಹೊರಗಾಗದೆ ನೇರವಾಗಿ ಕಳಚುತ್ತದೆ. ಬಟ್ಟೆ ಕ್ಲಿಪ್ಪು ಹಾಕಿ ಬೆರಳು ಮೇಲೆ, ಬಾಯಿ ಕೆಳಗೆ ಬರುವಂತೆ ನೇತುಹಾಕಿ. ವಾರಕ್ಕೊಮ್ಮೆ ಒಳಗೆ ನೀರು ತುಂಬಿ ಹಿಂಡಿ ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಅದು ಹೋಯಿತು ಅಂತಲೇ ಲೆಕ್ಕ. ತೂತು ಗ್ಲೌಸಿಗಿಂತ ಬರಿಗೈ ವಾಸಿ.

ನಾಲ್ಕನೇ ಹೆಜ್ಜೆ: ತೊಳೆಯುವುದು, ಒರೆಸುವುದು

ಉಗುರು ಬೆಚ್ಚಗಿನ ನೀರು. ಸುಡು ಸುಡು ನೀರು ಹಿತವಾಗಿರುತ್ತದೆ, ನವೆ ಇರುವ ಕೈಗಂತೂ ಸ್ವರ್ಗ ಅನಿಸುತ್ತದೆ, ಆದರೆ ಜಿಡ್ಡನ್ನೆಲ್ಲ ಕರಗಿಸಿಕೊಂಡು ಹೋಗುತ್ತದೆ, ಒಂದು ಗಂಟೆಯ ಮೇಲೆ ನವೆ ದುಪ್ಪಟ್ಟಾಗುತ್ತದೆ. ಸುವಾಸನೆ ಇಲ್ಲದ ಸೌಮ್ಯ ಸೋಪು ಸ್ವಲ್ಪವೇ ಹಾಕಿ. ಬೆರಳ ಸಂದಿಯಲ್ಲಿ ನೊರೆ ಉಳಿಯದಂತೆ ತೊಳೆಯಿರಿ.

ಉಂಗುರದ ವಿಷಯ ಈಗ ಅರ್ಥವಾಗಿರಬೇಕು. ನನ್ನ ಬೆರಳು ಕೆಟ್ಟದ್ದು ಚಿನ್ನದಿಂದಲ್ಲ. ಉಂಗುರದ ಕೆಳಗೆ ಸೋಪು, ನೀರು ಸಿಕ್ಕಿಕೊಂಡು ದಿನವಿಡೀ ಅಲ್ಲೇ ಇರುತ್ತಿತ್ತು. ಒದ್ದೆ ಕೆಲಸದ ಹೊತ್ತಿಗೆ ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಮದುವೆ ಉಂಗುರ ತೆಗೆಯಬಾರದು ಅನ್ನುವವರು ತಾಳಿ ಸರಕ್ಕೆ ಪೋಣಿಸಿಕೊಳ್ಳಬಹುದು, ನಾನು ಹಾಗೇ ಮಾಡುತ್ತೇನೆ.

ಒರೆಸುವಾಗ ಉಜ್ಜಬೇಡಿ, ಮೆತ್ತನೆ ಬಟ್ಟೆಯಿಂದ ಒತ್ತಿ. ಸೆರಗಿಗೆ ಸುಮ್ನೆ ಒಂದು ಸಲ ಸವರಿ ಮುಂದಿನ ಕೆಲಸಕ್ಕೆ ಹೋಗುವುದು ನಮಗೆಲ್ಲ ಅಭ್ಯಾಸ. ಬೆರಳ ಸಂದಿ ಒದ್ದೆಯಾಗೇ ಉಳಿಯುತ್ತದೆ. ಉಗುರಿನ ಬುಡವೂ ಅಷ್ಟೇ. ಅಲ್ಲಿ ಚರ್ಮ ಉಗುರಿಗೆ ಅಂಟಿಕೊಂಡಿರುವ ತೆಳು ಪೊರೆ ನೆನೆದು ನೆನೆದು ಬಿಟ್ಟುಕೊಂಡರೆ ಸಂದಿಗೆ ನೀರು, ಬೂಸು ಹೋಗಿ ಊದಿಕೊಳ್ಳುತ್ತದೆ. ಸದಾ ನೀರಿನ ಕೆಲಸ ಮಾಡುವವರಿಗೆ ವಾಸಿಯೇ ಆಗದ ಉಗುರುಸುತ್ತು ಬರುವುದು ಹೀಗೆ.

ಕೈಯಲ್ಲಿ ಕೊಳೆ ಕಾಣದಿದ್ದಾಗ ಆಸ್ಪತ್ರೆಯವರು ಬಳಸುವ ಸ್ಯಾನಿಟೈಸರ್, ಅದರಲ್ಲೂ ಗ್ಲಿಸರಿನ್ ಇರುವಂಥದ್ದು, ಸೋಪಿಗಿಂತ ಚರ್ಮಕ್ಕೆ ಹಗುರ. ಬಿರುಕಿದ್ದರೆ ಉರಿಯುತ್ತದೆ, ಹಾಗಾಗಿ ಜನ ಅದೇ ಕೆಟ್ಟದ್ದು ಅಂದುಕೊಳ್ಳುತ್ತಾರೆ. ಆದರೆ ಆ ಬಿರುಕು ಮಾಡಿದ್ದು ಸೋಪು. ಸ್ಯಾನಿಟೈಸರ್ ಹಾಕಿದ ಕೂಡಲೇ ಮತ್ತೆ ಸೋಪು ಹಾಕಿ ತೊಳೆಯುವುದು ಮಾತ್ರ ಬೇಡ.

ಐದನೇ ಹೆಜ್ಜೆ: ಜಿಡ್ಡು ವಾಪಸ್ ಕೊಡಿ

ತೊಳೆದು ಒರೆಸಿದ ಮೇಲೆ, ಚರ್ಮದಲ್ಲಿ ಇನ್ನೂ ಸ್ವಲ್ಪ ತೇವ ಇರುವಾಗಲೇ ಹಚ್ಚಬೇಕು. ಪೂರ್ತಿ ಒಣಗಿದ ಮೇಲೆ ಹಚ್ಚಿದರೆ ಅರ್ಧ ಪ್ರಯೋಜನ.

ಏನು ಹಚ್ಚಬೇಕು? ನೀರಿನಂತೆ ಸುರಿಯುವ ಸುವಾಸನೆಯ ಲೋಶನ್‌ನಲ್ಲಿ ನೀರೇ ಜಾಸ್ತಿ, ಕೆಲಸದ ಕೈಗೆ ಅದು ಸಾಲದು, ಸುವಾಸನೆಯೇ ಕೆಲವರಿಗೆ ಅಲರ್ಜಿ. ದಪ್ಪ ಕ್ರೀಮ್ ಹಗಲಿಗೆ ಒಳ್ಳೆಯದು. ರಾತ್ರಿಗೆ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸಿದ್ದಿಲ್ಲ. ಅಗ್ಗ, ವಾಸನೆ ಇಲ್ಲ, ಅಲರ್ಜಿ ಬಹಳ ಅಪರೂಪ. ಕೊಬ್ಬರಿ ಎಣ್ಣೆ ಒಳ್ಳೆಯದೇ, ಆದರೆ ಬೇಗ ಒರೆಸಿಹೋಗುತ್ತದೆ, ಪದೇ ಪದೇ ಹಚ್ಚಬೇಕು. ಏನೂ ಇಲ್ಲದಿದ್ದರೆ ಅದನ್ನೇ ಹಚ್ಚಿ, ಹಚ್ಚದೇ ಇರುವುದಕ್ಕಿಂತ ಎಷ್ಟೋ ಮೇಲು.

ಎಷ್ಟು ಅನ್ನುವುದಕ್ಕೆ ಡಾಕ್ಟರುಗಳ ಹತ್ತಿರ ಒಂದು ಸುಲಭ ಅಳತೆ ಇದೆ. ಟ್ಯೂಬಿನಿಂದ ತೋರುಬೆರಳ ತುದಿಯಿಂದ ಮೊದಲ ಗೆಣ್ಣಿನ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಒಂದು ಕೈಯ ಒಳಗೂ ಹೊರಗೂ ಅದು ಸಾಕು. ಹಿಂಗೈಯಿಂದ ಶುರು ಮಾಡಿ, ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು. ಅಂಗೈಗೆ ಕೊನೆಯಲ್ಲಿ. ಎಲ್ಲರೂ ಅಂಗೈಯಲ್ಲೇ ಉಜ್ಜಿ ಮುಗಿಸುತ್ತಾರೆ, ಕೆಡುವುದು ಹಿಂಗೈ ಮತ್ತು ಸಂದಿ.

ರಾತ್ರಿ ಮಲಗುವಾಗ ಜೆಲ್ಲಿ ದಪ್ಪಗೆ ಬಳಿದು ಹಳೇ ಹತ್ತಿ ಸಾಕ್ಸ್ ಕೈಗೆ ಹಾಕಿಕೊಳ್ಳಿ. ನನ್ನ ಬಿರುಕು ಮುಚ್ಚಿದ್ದು ಇದರಿಂದಲೇ, ಹತ್ತು ರಾತ್ರಿಯಲ್ಲಿ. ಡಬ್ಬಿಯನ್ನು ಬೀರುವಿನಲ್ಲಿ ಇಡಬೇಡಿ. ಒಂದು ಸಿಂಕಿನ ಪಕ್ಕ, ಒಂದು ದಿಂಬಿನ ಪಕ್ಕ, ಒಂದು ಕೆಲಸದ ಚೀಲದಲ್ಲಿ ಇರಲಿ. ಕೈಗೆ ಸಿಗದಿದ್ದರೆ ಹಚ್ಚುವುದಿಲ್ಲ, ಅಷ್ಟೇ.

ಅಡುಗೆಮನೆಯ ಕೆಲವರು

ಹಸಿಮೆಣಸಿನಕಾಯಿಯ ಖಾರ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಕೈ ಉರಿದರೆ ತಣ್ಣೀರು ಬಿಟ್ಟುಕೊಂಡು ನಿಲ್ಲುತ್ತೇವೆ, ತೆಗೆದ ಕೂಡಲೇ ಮತ್ತೆ ಉರಿ. ಮೊದಲು ಅಡುಗೆ ಎಣ್ಣೆ ಹಚ್ಚಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು ಹಾಕಿ. ಹೆಚ್ಚುವ ಮೊದಲೇ ಬೆರಳಿಗೆ ಎಣ್ಣೆ ಸವರಿಕೊಂಡರೆ ಇನ್ನೂ ಒಳ್ಳೆಯದು. ಸಾಂಬಾರ್ ಪುಡಿ, ಉಪ್ಪಿನಕಾಯಿ ಮಾಡುವ ದಿನ ಗ್ಲೌಸ್ ಬೇಕೇ ಬೇಕು.

ಸುವರ್ಣಗಡ್ಡೆ, ಕೆಸುವಿನಲ್ಲಿ ಸೂಜಿಯಂಥ ಸಣ್ಣ ಹರಳುಗಳಿರುತ್ತವೆ, ಚುಚ್ಚುವುದೇ ಅವು. ಒಣ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಗಡ್ಡೆಯನ್ನೂ ತೊಳೆಯದೆ ಒಣದಾಗೇ ಸಿಪ್ಪೆ ತೆಗೆಯುವುದು ಹಳಬರ ಪದ್ಧತಿ. ಆಮೇಲೆ ಹುಣಸೆಹುಳಿಯಲ್ಲಿ ಕೈ ಅದ್ದುತ್ತಾರೆ, ಆದರೆ ಕೈಯಲ್ಲಿ ಬಿರುಕಿದ್ದರೆ ಹುಳಿ ಬೇಡ.

ಮಲೆನಾಡಿನಲ್ಲಿ ಮಿಡಿ ಉಪ್ಪಿನಕಾಯಿ ಕಾಲ ಬಂದರೆ ಮಾವಿನ ಸೊನೆಯ ಕಾಟ. ತೊಟ್ಟು ಮುರಿದ ಕೂಡಲೇ ಚಿಮ್ಮುತ್ತದೆ, ಮುಖಕ್ಕೆ ಬಿದ್ದರೆ ಸುಟ್ಟ ಹಾಗೆ ಕಪ್ಪು ಕಲೆ ಬಹಳ ದಿನ ಉಳಿಯುತ್ತದೆ. ಕಾಯಿಯನ್ನು ದೂರ ಹಿಡಿದು, ತೊಟ್ಟು ಕೆಳಮುಖ ಮಾಡಿ ಮುರಿಯಿರಿ, ಸೊನೆ ಹರಿದು ಹೋಗಲಿ. ತಾಗಿದರೆ ಒರೆಸಿ ತಕ್ಷಣ ಸೋಪು ಹಾಕಿ ತೊಳೆಯಿರಿ. ಗೇರು ಕೂಡ ಮಾವಿನ ಕುಟುಂಬದ್ದೇ. ಗೇರುಬೀಜದ ಸಿಪ್ಪೆಯ ಎಣ್ಣೆ ಇನ್ನೂ ಉಗ್ರ, ಬೊಕ್ಕೆ ಏಳಿಸುತ್ತದೆ. ಕರಾವಳಿಯ ಗೇರುಬೀಜ ಕಾರ್ಖಾನೆಗಳಲ್ಲಿ ಹೆಂಗಸರು ಕೈಗೆ ಹರಳೆಣ್ಣೆ, ಬೂದಿ ಹಚ್ಚಿಕೊಂಡು ಒಡೆಯುತ್ತಿದ್ದುದು ಇದಕ್ಕೇ. ಗ್ಲೌಸ್ ಸಿಗುವ ಕಾಲದಲ್ಲಿ ಬೂದಿ ಬೇಡ.

ಬೆಳ್ಳುಳ್ಳಿ ಜಜ್ಜಿ ಚರ್ಮಕ್ಕೆ ಕಟ್ಟಬೇಡಿ, ಸುಡುತ್ತದೆ. ಕೈ ಬೆಳ್ಳಗಾಗಲಿ ಅಂತ ನಿಂಬೆಹೋಳು ಉಜ್ಜಿ ಬಿಸಿಲಿಗೆ ಹೋಗುವುದೂ ಬೇಡ, ನಿಂಬೆರಸ ಮತ್ತು ಬಿಸಿಲು ಸೇರಿದರೆ ಬೊಕ್ಕೆ ಬಂದು ಕಪ್ಪಾಗುತ್ತದೆ. ಮನೆಯದು, ಸಹಜವಾದದ್ದು ಅಂದ ಮಾತ್ರಕ್ಕೆ ಮೆದು ಅಲ್ಲ. ಪಾತ್ರೆ ತಿಕ್ಕುವ ಬೂದಿಯೂ ಕ್ಷಾರವೇ.

ಬಚ್ಚಲು ಮತ್ತು ಬಟ್ಟೆ

ಕಕ್ಕಸು ತೊಳೆಯುವ ದ್ರವಗಳಲ್ಲಿ ಹೆಚ್ಚಿನವು ಹೈಡ್ರೋಕ್ಲೋರಿಕ್ ಆಸಿಡ್. ಅದನ್ನೂ ಬ್ಲೀಚನ್ನೂ ಯಾವತ್ತೂ ಒಟ್ಟಿಗೆ ಸುರಿಯಬೇಡಿ, ಕ್ಲೋರಿನ್ ಅನಿಲ ಎದ್ದು ಕಣ್ಣು, ಎದೆ ಸುಡುತ್ತದೆ. ಕಿಟಕಿ ತೆರೆದು, ಗ್ಲೌಸ್ ಹಾಕಿ, ಕಾಲಿಗೆ ಚಪ್ಪಲಿ ಹಾಕಿ. ಹನಿ ಬಿದ್ದರೆ ಸುರಿಯುವ ನೀರಲ್ಲಿ ಹದಿನೈದು ಇಪ್ಪತ್ತು ನಿಮಿಷ ಹಿಡಿಯಿರಿ. ಆಸಿಡ್‌ಗೆ ಸೋಡಾ ಹಾಕಿ ಸರಿಮಾಡುವ ಪ್ರಯೋಗ ಚರ್ಮದ ಮೇಲೆ ಬೇಡ.

ಬಟ್ಟೆ ಸೋಪಿನ ಪುಡಿ ಅಳತೆಗಿಂತ ಜಾಸ್ತಿ ಹಾಕಿದರೆ ಬಟ್ಟೆ ಜಾಸ್ತಿ ಬೆಳ್ಳಗಾಗುವುದಿಲ್ಲ, ಸೋಪು ನೂಲಿನಲ್ಲೇ ಉಳಿಯುತ್ತದೆ. ಸೊಂಟ, ಕಂಕುಳ, ಕತ್ತಿನ ಪಟ್ಟಿ ಬರುವ ಕಡೆ ತುರಿಸಿದರೆ ಇದನ್ನೂ ಅನುಮಾನಿಸಿ. ಇನ್ನೊಂದು ಸಲ ಜಾಲಿಸಿ ನೋಡಿ.

ಹೊರಗೆ ದುಡಿಯುವವರಿಗೆ

ಗಾರೆ ಕೆಲಸದವರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹಸಿ ಸಿಮೆಂಟಿನ ಪಿಎಚ್ 12 ದಾಟುತ್ತದೆ. ತಾಗಿದ ಕೂಡಲೇ ಉರಿಯುವುದಿಲ್ಲ, ಮೋಸ ಇರುವುದು ಅಲ್ಲೇ. ಮೊಣಕಾಲೂರಿ ನೆಲ ಸಮ ಮಾಡುತ್ತಾರೆ, ಪ್ಯಾಂಟು ನೆನೆಯುತ್ತದೆ, ಸಂಜೆ ಮನೆಗೆ ಹೋಗಿ ನೋಡಿದರೆ ಮೊಣಕಾಲು ಸುಟ್ಟಿರುತ್ತದೆ. ಬೂಟಿನೊಳಗೆ ಹೋದ ಸಿಮೆಂಟು ಇನ್ನೂ ಕೆಟ್ಟದು. ಬಟ್ಟೆ ನೆನೆದ ಕೂಡಲೇ ಬದಲಾಯಿಸಿ, ಹರಿಯುವ ನೀರಲ್ಲಿ ತೊಳೆಯಿರಿ. ಕರಣೆ, ಬಾಂಡ್ಲಿ ತೊಳೆದ ಬಕೆಟಿನಲ್ಲಿ ಕೈ ತೊಳೆದರೆ ತೊಳೆದ ಹಾಗಲ್ಲ, ಅದೂ ಸಿಮೆಂಟು ನೀರೇ.

ಸಿಮೆಂಟಿನಲ್ಲಿ ಕ್ರೋಮಿಯಂ ಕೂಡ ಇರುತ್ತದೆ. ವರ್ಷಗಟ್ಟಲೆ ತಾಗಿದವರಿಗೆ ಅದರ ಅಲರ್ಜಿ ಹತ್ತಿದರೆ ಬಿಡುವುದು ಬಹಳ ಕಷ್ಟ, ಎಷ್ಟೋ ಮೇಸ್ತ್ರಿಗಳು ಕಸುಬನ್ನೇ ಬಿಟ್ಟಿದ್ದಾರೆ. ಡೆನ್ಮಾರ್ಕಿನಲ್ಲಿ 1980ರ ದಶಕದಲ್ಲೇ ಸಿಮೆಂಟಿಗೆ ಫೆರಸ್ ಸಲ್ಫೇಟ್ ಸೇರಿಸಿ ಇದನ್ನು ತಗ್ಗಿಸಿದರು. ಯುರೋಪ್ ಒಕ್ಕೂಟ 2005ರಿಂದ ನೀರಲ್ಲಿ ಕರಗುವ ಆ ಕ್ರೋಮಿಯಂಗೆ ಹತ್ತು ಲಕ್ಷಕ್ಕೆ 2 ಭಾಗದ ಮಿತಿ ಹಾಕಿತು. ಕೂಲಿ ಕೊಡಿಸುವವರು ನೈಟ್ರೈಲ್ ಗ್ಲೌಸ್, ರಬ್ಬರ್ ಬೂಟ್, ಒಂದು ಡ್ರಮ್ ಶುದ್ಧ ನೀರು ಕೊಡಿಸುವುದು ದೊಡ್ಡ ಖರ್ಚೇನಲ್ಲ.

ಗ್ಯಾರೇಜಿನವರು, ಪೇಂಟರುಗಳು ಕೈಗೆ ಸೀಮೆಎಣ್ಣೆ, ಪೆಟ್ರೋಲ್, ಥಿನ್ನರ್ ಹಾಕಿ ತೊಳೆಯುತ್ತಾರೆ. ಕೊಳೆ ಹೋಗುತ್ತದೆ ನಿಜ, ಚರ್ಮದ ಜಿಡ್ಡೂ ಒಂದೇ ಸಲಕ್ಕೆ ಹೋಗುತ್ತದೆ. ಅಡುಗೆ ಎಣ್ಣೆ ಹಚ್ಚಿ ಗ್ರೀಸ್ ಸಡಿಲಿಸಿ, ಬಟ್ಟೆಯಲ್ಲಿ ಒರೆಸಿ, ಆಮೇಲೆ ಸೋಪು. ಕೆಲಸಕ್ಕೆ ಮುಂಚೆ ಉಗುರಿನ ಸಂದಿಗೆ ಜೆಲ್ಲಿ ತುಂಬಿಕೊಂಡರೆ ಕಪ್ಪು ಒಳಗೆ ಹೋಗುವುದೇ ಇಲ್ಲ.

ಪಾರ್ಲರಿನವರಿಗೆ, ಮನೆಯಲ್ಲೇ ತಲೆಗೆ ಬಣ್ಣ ಹಚ್ಚುವವರಿಗೆ: ಕಪ್ಪು ಬಣ್ಣದಲ್ಲಿ ಸಾಮಾನ್ಯವಾಗಿ ಪಿಪಿಡಿ ಅನ್ನುವ, ಅಲರ್ಜಿ ತರಬಲ್ಲ ರಾಸಾಯನಿಕ ಇರುತ್ತದೆ, ಬೇಗ ಕಪ್ಪಾಗುವ ಮೆಹಂದಿಗೂ ಅದನ್ನು ಬೆರೆಸುತ್ತಾರೆ. ಹಚ್ಚುವ 48 ಗಂಟೆ ಮುಂಚೆ ಮೊಣಕೈ ಒಳಬದಿಗೆ ಚೂರು ಹಚ್ಚಿ ನೋಡಿ. ತುರಿಸಿದರೆ ಆ ಬಣ್ಣ ನಿಮಗಲ್ಲ. ಸ್ಟಿಕ್ಕರ್ ಬೊಟ್ಟಿನ ಅಂಟಿನಿಂದ ಹಣೆಯಲ್ಲಿ ಬಿಳಿ ಮಚ್ಚೆ ಬರುವುದುಂಟು. ಬಣ್ಣ ತೆಳುವಾದಂತೆ ಕಂಡ ದಿನವೇ ನಿಲ್ಲಿಸಿ, ರಾತ್ರಿ ತೆಗೆದಿಟ್ಟು ಮಲಗಿ.

ಹೊಲದಲ್ಲಿ, ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಮುಟ್ಟದೆಯೂ ಕಾಡುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡ ಈ ಗಿಡ, ಆಮದು ಗೋಧಿಯ ಜೊತೆ ಬಂತು ಅನ್ನುತ್ತಾರೆ. ಇದನ್ನು ತಿನ್ನುವ ಮೆಕ್ಸಿಕೋದ ಒಂದು ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಅದು ನೆಲೆಯೂರಿತು, ಗಿಡವೂ ಉಳಿಯಿತು. ಒಣಗಿದ ಗಿಡದ ಧೂಳು ಗಾಳಿಯಲ್ಲಿ ಬಂದು ಕಣ್ಣರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ಕೂರುತ್ತದೆ. ಹೂ ಬಿಡುವ ಮುಂಚೆ, ಮಳೆ ಬಂದು ನೆಲ ಮೆತ್ತಗಿರುವಾಗ, ಗ್ಲೌಸ್ ಮತ್ತು ತುಂಬು ತೋಳಿನ ಅಂಗಿ ಹಾಕಿ ಬೇರುಸಮೇತ ಕೀಳಿ. ಆ ಬಟ್ಟೆ ಬೇರೆಯಾಗಿ ಒಗೆಯಿರಿ. ಅಲರ್ಜಿ ಇರುವವರು ಕೀಳಲು ಹೋಗಲೇಬೇಡಿ.

ಕಾರ್ಖಾನೆಯಲ್ಲಿದ್ದರೆ ಇದು ಗೊತ್ತಿರಲಿ: ರಾಸಾಯನಿಕ, ಬಣ್ಣ ತಾಗಿ ಬರುವ ಚರ್ಮದ ಉರಿಯೂತ ಕಾನೂನಿನ ಪ್ರಕಾರ ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿದೆ. ಸಂಕೋಚ ಪಡಬೇಡಿ, ಕೆಲಸದಿಂದಲೇ ಬಂದದ್ದು ಅಂತ ಬರೆಸಿ.

ಮನೆಗೆ ಕೆಲಸಕ್ಕೆ ಬರುವ ಅಕ್ಕನ ಕೈ ನೋಡಿದ್ದೀರಾ?

ನನ್ನ 47 ಎಣಿಸಿದ ವಾರ ನಾನು ಮೊದಲ ಸಲ ನಮ್ಮನೆಗೆ ಬರುವ ಅಕ್ಕನ ಅಂಗೈ ನೋಡಿದೆ. ಐದು ವರ್ಷದಿಂದ ಬರುತ್ತಿದ್ದಾರೆ. ಬೆರಳ ತುದಿಯ ಚರ್ಮ ಕಾಗದದ ಹಾಗೆ ನುಣುಪಾಗಿತ್ತು, ಗೆರೆಗಳೇ ಸವೆದಿದ್ದವು. ರೇಷನ್ ಅಂಗಡಿಯ ಮೆಷಿನ್ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ, ಎರಡೆರಡು ಸಲ ಹೋಗಬೇಕು ಅಂದರು. ಅವರು ದಿನಕ್ಕೆ ನಾಲ್ಕು ಮನೆ ಮಾಡುತ್ತಾರೆ, ನಾಲ್ಕು ಕಡೆ ನಾಲ್ಕು ಥರದ ಸೋಪು. ನನ್ನ ಲೆಕ್ಕ ಅವರ ಮುಂದೆ ಏನೂ ಅಲ್ಲ.

ಗ್ಲೌಸ್ ತಂದುಕೊಟ್ಟೆ, ಹಾಕಲಿಲ್ಲ. ಪಾತ್ರೆ ಜಾರುತ್ತೆ ಕಣಮ್ಮಾ ಅಂದರು. ಅದು ಸೋಮಾರಿತನವೂ ಅಲ್ಲ, ನೆಪವೂ ಅಲ್ಲ. ನಾನು ತಂದದ್ದು ನನ್ನ ಅಳತೆಯದು, ಅವರ ಕೈ ಚಿಕ್ಕದು. ಚಿಕ್ಕ ಅಳತೆಯ, ಅಂಗೈಯಲ್ಲಿ ಗಂಟುಗಂಟು ಇರುವ ಗ್ಲೌಸ್ ತಂದ ಮೇಲೆ ಹಾಕಿದರು. ಹಾಗಾಗಿ ಅಳತೆ ಕೇಳಿ ತನ್ನಿ. ಜೊತೆಗೆ ಹತ್ತಿ ಗ್ಲೌಸ್, ಕೈ ಒರೆಸಲು ಅವರದೇ ಒಂದು ಟವೆಲ್, ಹೋಗುವಾಗ ಹಚ್ಚಿಕೊಳ್ಳಲು ಜೆಲ್ಲಿ. ಚಳಿಗಾಲದಲ್ಲಿ ಬೆಚ್ಚಗಿನ ನೀರು. ಪಾತ್ರೆ ನೆನೆಸಿಟ್ಟಿರಿ. ಪುಡಿ ಸೋಪಿಗೆ ಚಮಚ ಇಟ್ಟಿರಿ, ಕೈ ಹಾಕಿ ತೆಗೆಯುವಂತಾಗಬಾರದು.

ಆಗಲೇ ಕೆಟ್ಟಿದ್ದರೆ

ಕೆಂಪು, ಒಣಗಿದ ಸಿಪ್ಪೆ, ಸಣ್ಣ ಬಿರುಕು ಇಷ್ಟೇ ಇದ್ದರೆ ಮೇಲಿನ ಎಲ್ಲವನ್ನೂ ಎರಡು ವಾರ ಶ್ರದ್ಧೆಯಿಂದ ಮಾಡಿ. ಅಷ್ಟಕ್ಕೂ ಬಗ್ಗದಿದ್ದರೆ, ಕೀವು, ನೀರುಗುಳ್ಳೆ, ಊತ, ಜ್ವರ ಇದ್ದರೆ, ನಿದ್ದೆ ಕೆಡುವಷ್ಟು ನವೆ ಇದ್ದರೆ ಡಾಕ್ಟರ್ ಹತ್ತಿರ ಹೋಗಿ.

ಔಷಧಿ ಅಂಗಡಿಯಲ್ಲಿ ತುರಿಕೆಗೊಂದು ಕ್ರೀಮ್ ಕೊಡಿ ಅಂತ ಕೇಳಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಹಾಗೆ ಸಿಗುವುದರಲ್ಲಿ ಎಷ್ಟೋ ಟ್ಯೂಬುಗಳಲ್ಲಿ ಬಲವಾದ ಸ್ಟಿರಾಯ್ಡ್, ಬೂಸಿನ ಔಷಧಿ, ಆ್ಯಂಟಿಬಯೋಟಿಕ್ ಮೂರೂ ಕಲಸಿರುತ್ತವೆ. ಎರಡು ದಿನದಲ್ಲಿ ನವೆ ಮಾಯ, ಬಿಟ್ಟ ಕೂಡಲೇ ದುಪ್ಪಟ್ಟು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ನರ ಕಾಣುತ್ತದೆ, ಹುಳಕಡ್ಡಿ ಇದ್ದರೆ ಒಳಗೊಳಗೇ ಹರಡುತ್ತದೆ. ಡಾಕ್ಟರ್ ಬರೆದುಕೊಡುವ ಸ್ಟಿರಾಯ್ಡ್ ಬೇರೆ ವಿಷಯ. ಯಾವ ಬಲದ್ದು, ಎಷ್ಟು ದಿನ ಅಂತ ಹೇಳಿಯೇ ಕೊಡುತ್ತಾರೆ, ಹೇಳದಿದ್ದರೆ ಕೇಳಿ.

ಅಲರ್ಜಿ ಅನುಮಾನ ಬಂದರೆ ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಬೆನ್ನಿಗೆ ಸಣ್ಣ ಸಣ್ಣ ಬಿಲ್ಲೆಗಳಲ್ಲಿ ಬೇರೆ ಬೇರೆ ವಸ್ತು ಅಂಟಿಸಿ, 48 ಗಂಟೆ ಬಿಟ್ಟು ತೆಗೆದು ನೋಡಿ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಷ್ಟು ದಿನ ಬೆನ್ನು ಒದ್ದೆಯಾಗಬಾರದು, ಹಾಗಾಗಿ ಹಬ್ಬ, ಮದುವೆ ಇಲ್ಲದ ವಾರ ನೋಡಿಕೊಳ್ಳಿ. ಚುಚ್ಚುವುದೇನೂ ಇಲ್ಲ.

ನೋಡಲು ವಾಸಿಯಾದ ಮೇಲೂ ಚರ್ಮದ ಬಲ ಮರಳಲು ತಿಂಗಳುಗಳು ಬೇಕು. ನಾನು ಮೂರನೇ ವಾರಕ್ಕೇ ಗ್ಲೌಸ್ ಬಿಟ್ಟೆ, ಗೌರಿ ಹಬ್ಬದ ಪಾತ್ರೆ ಬಿತ್ತು, ನಾಲ್ಕೇ ದಿನದಲ್ಲಿ ಅದೇ ಬೆರಳಲ್ಲಿ ಅದೇ ಬಿರುಕು. ಕನಿಷ್ಠ ನಾಲ್ಕೈದು ತಿಂಗಳು ಕೈಯನ್ನು ಬಾಣಂತಿಯ ಹಾಗೆ ನೋಡಿಕೊಳ್ಳಿ.

ಡಾಕ್ಟರ್ ಹತ್ತಿರ ಹೋಗುವಾಗ ನೀವು ಬಳಸುವ ಸೋಪು, ಪುಡಿ, ಕ್ರೀಮು, ತಲೆಬಣ್ಣ, ಕೆಲಸದ ಜಾಗದ ದ್ರವ, ಎಲ್ಲದರ ಹಿಂಬದಿಯ ಚೀಟಿಯನ್ನು ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಈವರೆಗೆ ಹಚ್ಚಿದ ಟ್ಯೂಬುಗಳನ್ನು, ಖಾಲಿಯಾಗಿದ್ದರೂ ಸರಿ, ಚೀಲಕ್ಕೆ ಹಾಕಿ. ರಜೆಯಲ್ಲಿ, ಊರಿಗೆ ಹೋದಾಗ ಕಮ್ಮಿಯಾಗಿತ್ತಾ ಅಂತ ನೆನಪು ಮಾಡಿಕೊಂಡು ಹೋಗಿ. ಕೈ ಜೋರಾಗಿ ಕೆಟ್ಟಿದ್ದ ದಿನದ ಒಂದು ಫೋಟೋ ಇರಲಿ, ತೋರಿಸುವ ದಿನ ಅದು ತಗ್ಗಿರುತ್ತದೆ. ಫ್ರಿಜ್ ಮೇಲಿನ ಆ ಕಾಗದವನ್ನೂ ಕಿತ್ತುಕೊಂಡು ಹೋಗಿ.